ಅಪ್ಪನ ಚೇತಕ್‌ಗೆ ಬಣ್ಣ ಹೊಡೆಸುವ ಮೊದಲು

ಪ್ರೀತಿಯ ದೋಸ್ತ,

ಅಪ್ಪನ ಚೇತಕ್ ಸ್ಕೂಟರಿಗೆ ದಸರೆಯ ಖಂಡೇಪೂಜೆಯೊಳಗೆ ಬಣ್ಣ ಹೊಡೆಸುತ್ತೇನೆ ಅಂತ ಬರೆದಿದ್ದೀಯ. ಓದಿ ಬಹಳ ಖುಷಿಯಾಯಿತು. ಅದರ ಹಿಂದೆ ಕೂತು ಗೋಳಗುಮ್ಮಟದವರೆಗೆ ಹೋಗುತ್ತಿದ್ದದ್ದು ನನಗಿನ್ನೂ ನೆನಪಿದೆ. ಆದರೆ ಮಿಸ್ತ್ರಿ ಎರಡು ದಿನದಲ್ಲಿ ಮುಗಿಸಿ ಕೊಡುತ್ತಾನೆ ಅಂದೆಯಲ್ಲ, ಅಲ್ಲಿ ಹೆದರಿಕೆಯಾಯಿತು. ಬಣ್ಣ ಹೊಡೆಯುವುದಕ್ಕೆ ಅರ್ಧ ದಿನ ಸಾಕು. ತಗಡು ತಯಾರಾಗಲು ವಾರ ಬೇಕು.

ಹೋದ ವರ್ಷ ಜುಲೈನಲ್ಲಿ ನನ್ನ ಸ್ಕೂಟರಿನ ಎಡ-ಬಲ ಬದಿಯ ಡಬ್ಬಿಗಳಿಗೆ ನಾನೇ ಕೈ ಹಾಕಿದ್ದೆ. ಬೆಳಗಾವಿಯ ಜುಲೈ ಗೊತ್ತಲ್ಲ, ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಧೂಳು ಏಳಬಾರದು ಅಂತ, ತಗಡನ್ನು ಸಮ ಮಾಡಲು ಮೆತ್ತುವ ಪುಟ್ಟಿಯನ್ನು ನೀರು ಹಾಕಿ ಉಜ್ಜಿದೆ. ಪುಟ್ಟಿ ನೀರು ಕುಡಿದು ಕೂತಿತ್ತು. ಬಣ್ಣ ಬಿದ್ದಾಗ ಕನ್ನಡಿ ಹಾಗೆ ಕಂಡಿತು. ದೀಪಾವಳಿ ಹೊತ್ತಿಗೆ ಎಡಗಡೆ ಡಬ್ಬಿಯ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಒಂದನ್ನು ಉಗುರಿನಿಂದ ಕೆರೆದೆ. ಬಣ್ಣ ಸಿಪ್ಪೆ ಹಾಗೆ ಎದ್ದು ಬಂತು. ಪುಟ್ಟಿ ಪುಡಿಪುಡಿ, ಅದರಡಿ ಕಂದು ತುಕ್ಕು. ಎಲ್ಲಾ ಕೆರೆದು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಹಾರ್ಡನರ್ ಬೆರೆಸಿ ಹಾಕುವ ಪುಟ್ಟಿಯನ್ನು ಒಣಗಾಗಿಯೇ ಉಜ್ಜಿಸು. 80 ನಂಬರ್ ಉಜ್ಜುಕಾಗದದಿಂದ ಶುರು, ಆಮೇಲೆ 180, ಕೊನೆಗೆ 320. ಮುಖಕ್ಕೆ ಮಾಸ್ಕ್ ಇರಲಿ, ಆ ಧೂಳು ಒಳ್ಳೆಯದಲ್ಲ. ನೀರು ಹಾಕಿ ಉಜ್ಜುವುದು ಬಣ್ಣಕ್ಕಿಂತ ಮೊದಲು ಹೊಡೆಯುವ ಪ್ರೈಮರ್ ಬಿದ್ದ ಮೇಲೆ, 400, 600 ನಂಬರಿನಲ್ಲಿ. ಪುಟ್ಟಿ ಎರಡು ಮೂರು ಮಿಲಿಮೀಟರ್‌ಗಿಂತ ದಪ್ಪ ಬೇಕಾಯಿತು ಅಂದರೆ ತಗಡು ತಟ್ಟಿ ಸರಿಮಾಡುವ ಟಿಂಕರಿಂಗ್ ಸರಿಯಾಗಿಲ್ಲ ಅಂತಲೇ ಅರ್ಥ. ತಗ್ಗನ್ನು ಸುತ್ತಿಗೆಯಿಂದ ಎತ್ತಿಸು, ಪುಟ್ಟಿಯಿಂದ ತುಂಬಿಸಬೇಡ.

ಎಲ್ಲಕ್ಕಿಂತ ಮೊದಲು ಕಾಲಿಡುವ ಜಾಗದ ರಬ್ಬರ್ ಪಟ್ಟಿಗಳನ್ನು ಬಿಚ್ಚು. ನೀರು ನಿಲ್ಲುವುದು ಅದರ ಕೆಳಗೇ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತುತ್ತಾ ಹೋಗು. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದ ತಗಡು ಸದ್ದಿಲ್ಲದೆ ಒಳಗೆ ಹೋಗುತ್ತದೆ. ಚೇತಕ್‌ಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಆ ತಗಡಿನ ಮೈಯೇ ಚಾಸಿ. ಹಾಗಾಗಿ ಅಲ್ಲಿ ತೂತಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಲೇಬೇಕು. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಲಿ. ಇದನ್ನು ಮಿಸ್ತ್ರಿಗೆ ಬಿಡಬೇಡ, ನೀನೇ ನಿಂತು ನೋಡು.

ವಿಜಯಪುರದಲ್ಲಿ ಈಗ ಬಿಸಿಲಿದೆ ಅಂತ ನಂಬಿ ಕೂರಬೇಡ. ನಿಮ್ಮ ಕಡೆ ಜಾಸ್ತಿ ಮಳೆ ಬರುವುದೇ ಸೆಪ್ಟೆಂಬರ್‌ನಲ್ಲಿ ಅಲ್ವಾ? ಬಣ್ಣ ತೆಗೆದ ತಗಡನ್ನು ಒಂದು ರಾತ್ರಿಯೂ ಹಾಗೇ ಬಿಡಬಾರದು. ಕೈಬೆವರು ತಾಗಿದರೂ ಅಲ್ಲಿ ತುಕ್ಕು ಶುರು. ಉಜ್ಜಿದ ದಿನವೇ ಥಿನ್ನರ್ ಬಟ್ಟೆಯಲ್ಲಿ ಒರೆಸಿ ಎಪಾಕ್ಸಿ ಪ್ರೈಮರ್ ಬೀಳಲಿ.

ಪ್ರೈಮರ್ ಒಣಗಿದ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ತೆಳ್ಳಗೆ ಮಂಜಿನ ಹಾಗೆ ಹಾರಿಸಿ, ಮತ್ತೆ ಉಜ್ಜಿಸು. ಕಪ್ಪು ಉಳಿದ ಕಡೆ ತಗ್ಗಿದೆ, ಬೇಗ ಹೋದ ಕಡೆ ಉಬ್ಬಿದೆ. ಇನ್ನೊಂದು, ಕಣ್ಣು ಮುಚ್ಚಿ ಅಂಗೈ ಆಡಿಸು. ಕಣ್ಣಿಗೆ ಸಿಗದ ಅಲೆ ಕೈಗೆ ಸಿಗುತ್ತದೆ.

ಕೆಂಪು ಹೊಡೆಸೋಣ ಅಂದಿದ್ದೀಯ. ಅಪ್ಪ ತಂದಾಗ ಅದು ಹಸಿರು ಇತ್ತು, ನನಗೆ ಚೆನ್ನಾಗಿ ನೆನಪಿದೆ. ಆರ್‌ಸಿ ತೆಗೆದು ಬಣ್ಣ ಏನಂತ ಬರೆದಿದೆ ನೋಡು. ಬೇರೆ ಬಣ್ಣವಾದರೆ ಆರ್‌ಟಿಓದಲ್ಲಿ ಬದಲಾಯಿಸಿಕೊಳ್ಳಬೇಕಾಗುತ್ತದೆ. ಬಲಗಡೆ, ಎಂಜಿನ್ ಮುಚ್ಚುವ ಡಬ್ಬಿಯ ಒಳಮೈಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ನೋಡು. ಜಿಡ್ಡಿನ ಕೆಳಗೆ ಆ ಹಸಿರು ಇನ್ನೂ ಇರಬೇಕು. ಸಿಕ್ಕರೆ ಅಷ್ಟು ಜಾಗ ಮಾತ್ರ ಉಜ್ಜಿಸಬೇಡ. ಬಣ್ಣದ ಅಂಗಡಿಯವನಿಗೆ ಅದನ್ನೇ ತೋರಿಸಿ ಮ್ಯಾಚ್ ಮಾಡಿಸೋಣ.

ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಅಷ್ಟರೊಳಗೆ ರಬ್ಬರ್ ಬಿಚ್ಚಿಟ್ಟಿರು. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಬೆಳಗಾವಿಯ ದೋಸ್ತ