ಕಾರಿನ ಬಣ್ಣದ ದೀಪಕ್ಕೆ ಫ್ಯೂಸ್ ಎಲ್ಲಿದೆ ಎಂದು ಕೇಳಿ

ಮಾನ್ಯ ಸಂಪಾದಕರೇ,

ಆಯುಧಪೂಜೆ, ದೀಪಾವಳಿ ಹತ್ತಿರ ಬಂತೆಂದರೆ ಕಾರಿನೊಳಗೆ ಎಲ್‌ಇಡಿ ಪಟ್ಟಿ ಹಾಕಿಸುವವರು ಹೆಚ್ಚುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಆಕ್ಸೆಸರಿ ಅಂಗಡಿಯಾಗಲಿ, ಕಾಲಿಡುವ ಜಾಗಕ್ಕೆ ನಾಲ್ಕು ತುಂಡು ಪಟ್ಟಿ ಅಂಟಿಸುವುದು ದೊಡ್ಡ ಕೆಲಸವೇನಲ್ಲ. ದೀಪ ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಆ ದೀಪಕ್ಕೆ ಕರೆಂಟ್ ಎಲ್ಲಿಂದ ಎಳೆದಿದ್ದಾರೆ ಎಂದು ಗಿರಾಕಿಗಳು ಕೇಳುವುದೇ ಇಲ್ಲ. ಅದನ್ನು ಕೇಳಬೇಕೆಂದೇ ಈ ಪತ್ರ.

ಅವಸರದ ಕೆಲಸದಲ್ಲಿ ಸ್ಟೀರಿಯೊ ಹಿಂದಿನ ವೈರಿನ ಸಿಪ್ಪೆ ಕೆರೆದು, ಹೊಸ ವೈರ್ ಸುತ್ತಿ, ಕಪ್ಪು ಟೇಪ್ ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಆ ಲೈನಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು. ಪಟ್ಟಿಯ ಜೊತೆ ಬರುವ ವೈರೋ ಕೂದಲೆಳೆಯಷ್ಟು ಸಣ್ಣದು. ಅದು ಸೀಟಿನ ಹಳಿಗೆ ಸಿಕ್ಕಿ ಅರೆಬರೆ ಶಾರ್ಟ್ ಆಗಿ ಎಂಟು ಹತ್ತು ಆಂಪಿಯರ್ ಹರಿದರೆ 15ರ ಫ್ಯೂಸ್ ಹಾರುವುದಿಲ್ಲ. ವೈರ್ ಕಾಯುತ್ತದೆ, ಹೊದಿಕೆ ಕರಗುತ್ತದೆ. ಅದರ ಮೇಲೆ ಇರುವುದು ಕಾರ್ಪೆಟ್ ಮತ್ತು ಫೋಮ್. ಟೇಪಿನ ಅಂಟು ಕೂಡ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಂತ ಕಾರಿನೊಳಗೆ ಎಣ್ಣೆಯಂತಾಗಿ ಬಿಚ್ಚಿಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿದರೆ ಬೇಕಾಗುವ ಕರೆಂಟ್ ತೀರ ಕಡಿಮೆ. ಮೀಟರಿಗೆ 60 ಎಲ್‌ಇಡಿ ಇರುವ 3528 ಜಾತಿಯ (ಸಣ್ಣ ದೀಪದ) ಪಟ್ಟಿ 12 ವೋಲ್ಟಿಗೆ ಮೀಟರಿಗೆ 0.4 ಆಂಪಿಯರ್ ಎಳೆಯುತ್ತದೆ. 20 ಸೆಂಟಿಮೀಟರಿನ ನಾಲ್ಕು ತುಂಡು ಸೇರಿದರೆ 0.8 ಮೀಟರ್, ಅಂದರೆ ಅರ್ಧ ಆಂಪಿಯರೂ ಇಲ್ಲ. ಇದಕ್ಕೆ 2 ಆಂಪಿಯರ್ ಫ್ಯೂಸ್ ಧಾರಾಳ. 5050 ಜಾತಿಯ (ದೊಡ್ಡ ದೀಪದ) ಪಟ್ಟಿಯಾದರೆ ಮೂರು ಪಟ್ಟು ಎಳೆಯುತ್ತದೆ, ಬೆಳಕೂ ಕಣ್ಣು ಕುಕ್ಕುವಷ್ಟು. ಕಾರಿನೊಳಗೆ ಅದರ ಅಗತ್ಯವಿಲ್ಲ. ವೈರ್ 0.5 ಚದರ ಮಿಲಿಮೀಟರಿನ ಬಹುಎಳೆ ತಾಮ್ರದ್ದಿರಲಿ. ತುದಿ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ತೆಗೆದುಕೊಳ್ಳಬೇಡಿ. ಆದರೆ ಬೆಳ್ಳಗಿರುವುದು ಮೇಲೆ ಮಾತ್ರ, ಒಳಗೆ ಕೆಂಪಾಗಿದ್ದರೆ ಅದು ತವರ ಹಚ್ಚಿದ ಒಳ್ಳೆಯ ತಾಮ್ರ.

ಕರೆಂಟ್ ತೆಗೆಯಲು ಸರಿಯಾದ ಸಾಮಾನು ಫ್ಯೂಸ್ ಟ್ಯಾಪ್, ಅಂದರೆ ಒಂದು ಫ್ಯೂಸಿನ ಜಾಗದಲ್ಲಿ ಎರಡು ಫ್ಯೂಸ್ ಕೂರಿಸುವ ಹೋಲ್ಡರ್. ಫ್ಯೂಸ್ ಬಾಕ್ಸಿನಲ್ಲಿ ಸಿಗರೇಟ್ ಲೈಟರ್ ಸಾಕೆಟ್ಟಿನಂಥ, ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸನ್ನು ಕಿತ್ತು ಆ ಜಾಗಕ್ಕೆ ಇದನ್ನು ಚುಚ್ಚಬೇಕು. ಕಿತ್ತ ಫ್ಯೂಸ್ ಅದರ ಒಂದು ಮನೆಗೆ, ಹೊಸ 2 ಆಂಪಿಯರಿನದು ಇನ್ನೊಂದು ಮನೆಗೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್, ಪವರ್ ಸ್ಟೀರಿಂಗ್, ಫ್ಯೂಯೆಲ್ ಪಂಪ್ ಇವುಗಳ ಫ್ಯೂಸಿನ ತಂಟೆಗೆ ಹೋಗಲೇಬಾರದು. ಟ್ಯಾಪಿಗೆ ದಿಕ್ಕೂ ಇದೆ. ಹಳೆಯ ಫ್ಯೂಸ್ ಕಿತ್ತು ಕೀಲಿ ಹಾಕಿದಾಗ ಎರಡು ಸೀಳುಗಳಲ್ಲಿ ಯಾವುದರಲ್ಲಿ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೋ ಆ ಕಡೆ ಟ್ಯಾಪಿನ ಜೀವದ ಕಾಲು, ಅಂದರೆ ಎರಡೂ ಫ್ಯೂಸಿಗೆ ಕರೆಂಟ್ ಒಯ್ಯುವ ಕಾಲು, ಕೂರಬೇಕು. ತಿರುಗಿಸಿ ಚುಚ್ಚಿದರೂ ದೀಪ ಉರಿಯುತ್ತದೆ, ಆದರೆ ದೀಪದ ಭಾರವೂ ಹಳೆಯ ಫ್ಯೂಸಿನ ಮೇಲೆಯೇ ಬೀಳುತ್ತದೆ.

ಸೀಲಿಂಗ್ ದೀಪದ ವೈರಿಗೆ ಪಟ್ಟಿ ಜೋಡಿಸುವುದು ಸುಲಭ ಎಂದು ಕೆಲವರು ಹೇಳಿಕೊಡುತ್ತಾರೆ. ಈಗಿನ ಎಷ್ಟೋ ಕಾರುಗಳಲ್ಲಿ ಆ ದೀಪವನ್ನು ಬಾಡಿ ಕಂಪ್ಯೂಟರ್ (ದೀಪ, ಬಾಗಿಲು ಮುಂತಾದವನ್ನು ನೋಡಿಕೊಳ್ಳುವ ಪೆಟ್ಟಿಗೆ) ಮೈನಸ್ ಕಡೆಯಿಂದ ಬಲು ಬೇಗ ಬೇಗ ಆರಿಸಿ ಹೊತ್ತಿಸಿ ಮಂದ ಮಾಡುತ್ತದೆ. ಅಲ್ಲಿ ಸೇರಿಸಿದ ಪಟ್ಟಿ ಮಿಣುಕುತ್ತದೆ. ಕಂಪ್ಯೂಟರಿನ ಆ ದಾರಿ ಸುಟ್ಟರೆ ಖರ್ಚು ದೀಪದ ಬೆಲೆಯ ಹತ್ತಾರು ಪಟ್ಟು.

ಎರಡು ಮೂರು ತಿಂಗಳಲ್ಲೇ ಪಟ್ಟಿಯ ಅಲ್ಲಲ್ಲಿ ಮೂರು ಮೂರು ದೀಪ ಸಾಯುವುದನ್ನು ಬಹಳ ಜನ ಕಂಡಿರಬಹುದು. ಮಾಲು ಕಳಪೆ ಎಂದು ಬೈಯುತ್ತಾರೆ, ಆದರೆ ಹೆಚ್ಚಾಗಿ ಕಾರಣ ವೋಲ್ಟೇಜು. ಈ ಪಟ್ಟಿಯಲ್ಲಿ ಐದೈದು ಸೆಂಟಿಮೀಟರಿಗೆ ಮೂರು ಎಲ್‌ಇಡಿ, ಅವುಗಳ ಸಾಲಿಗೆ ಕರೆಂಟನ್ನು ಮಿತಿಯಲ್ಲಿಡುವ ಒಂದು ರೆಸಿಸ್ಟರ್. ಬಿಳಿ ಅಥವಾ ನೀಲಿ ದೀಪವಾದರೆ ಮೂರೂ ಸೇರಿ ಸುಮಾರು 9.3 ವೋಲ್ಟ್ ತಿನ್ನುತ್ತವೆ. ರೆಸಿಸ್ಟರ್ 150 ಓಮ್ ಎಂದುಕೊಂಡರೆ 12 ವೋಲ್ಟಿಗೆ 18 ಮಿಲಿ ಆಂಪಿಯರ್ ಹರಿಯುತ್ತದೆ. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು 12 ಅಲ್ಲ, 13.8ರಿಂದ 14.4 ವೋಲ್ಟ್. 14.4ಕ್ಕೆ ಅದೇ ಸಾಲಿನಲ್ಲಿ 34 ಮಿಲಿ ಆಂಪಿಯರ್, ಹೆಚ್ಚುಕಡಿಮೆ ಎರಡು ಪಟ್ಟು. ಪ್ಲಸ್ ವೈರಿನಲ್ಲಿ 1ಎನ್4007 ಡೈಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಎರಡನ್ನು ಒಂದರ ಹಿಂದೆ ಒಂದು ಸೇರಿಸಿದರೆ ತಲಾ 0.7 ವೋಲ್ಟ್ ಇಳಿದು 13ಕ್ಕೆ ಬರುತ್ತದೆ, ಕರೆಂಟ್ 25 ಮಿಲಿ ಆಂಪಿಯರಿಗೆ ತಗ್ಗುತ್ತದೆ. ಡೈಯೋಡಿನ ಬೆಳ್ಳಿ ಗೆರೆ ದೀಪದ ಕಡೆಗಿರಬೇಕು. ಕೆಲವೇ ರೂಪಾಯಿಯ ಈ ಎರಡು ಬಿಡಿಭಾಗ ಹಾಕುವ ಅಂಗಡಿ ಬಲು ಅಪರೂಪ.

ವೈರ್ ಎಳೆಯುವ ದಾರಿಯಲ್ಲಿ ಜೀವಕ್ಕೇ ಸಂಬಂಧಿಸಿದ ಎರಡು ಮಾತು. ವಿಂಡ್‌ಶೀಲ್ಡ್ ಪಕ್ಕದ ಕಂಬದ ಪ್ಲಾಸ್ಟಿಕ್ಕಿನೊಳಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದರ ಮೇಲೆ ಹಾಯುವ ವೈರ್ ಏರ್‌ಬ್ಯಾಗ್ ಅರಳುವುದಕ್ಕೆ ಅಡ್ಡ ಬರುತ್ತದೆ. ಸೀಟಿನಡಿಯ, ಸ್ಟೀರಿಂಗ್ ಬುಡದ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವನ್ನು ಮುಟ್ಟಬಾರದು, ಅವುಗಳಿಗೆ ಟೆಸ್ಟ್ ಲ್ಯಾಂಪ್ ಹಿಡಿಯಲೇಬಾರದು. ಬ್ಯಾಟರಿಯ ಮೈನಸ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಆಮೇಲೆ ಕೆಲಸ ಶುರುವಾಗಲಿ. ಇನ್ನೊಂದು, ಚಾಲಕನ ಕಾಲ ಬಳಿ ಪೆಡಲುಗಳ ಮೇಲೆ ವೈರ್ ಜೋಲಾಡಬಾರದು. ಒಂದೊಂದು ಗೇಣಿಗೆ ಕೇಬಲ್ ಟೈ ಹಾಕಿ, ಮೊದಲೇ ಇರುವ ವೈರಿನ ಕಟ್ಟಿನ ಜೊತೆ ಬಿಗಿಯಬೇಕು. ಅಂಟನ್ನು ಮಾತ್ರ ನಂಬಿದ ಪಟ್ಟಿ ಒಂದು ದಿನ ಬ್ರೇಕ್ ಪೆಡಲಿನ ಹಿಂದೆ ಬೀಳುತ್ತದೆ.

ಜೋಡಣೆಗೆ ಎರಡು ವೈರಿನ ತುದಿ ಸೇರಿಸಿ ಒತ್ತಿ ಕೂರಿಸುವ ಬಟ್ ಕನೆಕ್ಟರ್, ಮೇಲೆ ಕಾಯಿಸಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಸಾಕು. ಮೂಲ ವೈರನ್ನು ಕಚ್ಚಿ ಹಿಡಿಯುವ ಸ್ಕಾಚ್ ಲಾಕ್ ಎಳೆಗಳನ್ನು ಕತ್ತರಿಸಿಬಿಡುತ್ತದೆ. ಅರ್ಥ್ (ಮೈನಸ್) ವೈರನ್ನು ಬಣ್ಣ ಕೆರೆದ ಬಾಡಿ ಬೋಲ್ಟಿಗೆ ರಿಂಗ್ ಟರ್ಮಿನಲ್ ಹಾಕಿ ಬಿಗಿಯಬೇಕು. ಗೇರ್ ಲಿವರ್ ಕೆಳಗಿನ ಏರ್‌ಬ್ಯಾಗ್ ಕಂಟ್ರೋಲ್ ಪೆಟ್ಟಿಗೆಯ ಬೋಲ್ಟಿಗೆ ಬೇಡ.

ಮೊಬೈಲಿನಿಂದ ಬಣ್ಣ ಬದಲಿಸುವ ಕಂಟ್ರೋಲರನ್ನು ನೇರ ಬ್ಯಾಟರಿ ಲೈನಿಗೆ ಕೊಟ್ಟರೆ ದೀಪ ಆರಿದ್ದರೂ ಅದು ಕರೆಂಟ್ ಎಳೆಯುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ಮೂರು ವಾರ ನಿಂತ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 15 ಖಾಲಿ. ಬಣ್ಣದ ವಿಷಯದಲ್ಲಿ, ರಾತ್ರಿ ನೀಲಿ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ರಸ್ತೆ ಮಸುಕಾಗುತ್ತದೆ. ಮಂದ ಹಳದಿ ಲೇಸು. ಮುಂದಕ್ಕೆ ಕೆಂಪು ಬೆಳಕು ತೋರುವುದನ್ನು ಕೇಂದ್ರ ಮೋಟಾರು ವಾಹನ ನಿಯಮವೇ ನಿಷೇಧಿಸಿದೆ.

ಮೀಟರ್ ಹಿಡಿಯಲು ಬಾರದವರೂ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಫ್ಯೂಸಿನ ಬಣ್ಣ ನೋಡಿ: ಬೂದು 2 ಆಂಪಿಯರ್, ಕೆಂಪು 10, ನೀಲಿ 15. ದೀಪದ ಲೈನಿನಲ್ಲಿ ಬೂದು ಬಣ್ಣದ್ದೇ ಇರಬೇಕು. ಹಣ ಕೊಡುವ ಮುಂಚೆ ಅದನ್ನು ಕೀಳಿಸಿ. ಬಣ್ಣದ ದೀಪ ಮಾತ್ರ ಆರಬೇಕು; ಸ್ಟೀರಿಯೊ, ಸಾಕೆಟ್, ಉಳಿದದ್ದೆಲ್ಲ ಎಂದಿನಂತೆ ನಡೆಯಬೇಕು. ಹಾಗಾಗದಿದ್ದರೆ ವೈರ್ ಎಲ್ಲಿ ಜೋಡಿಸಿದ್ದಾರೆಂದು ಬಿಚ್ಚಿ ತೋರಿಸಲು ಹೇಳಿ.

– ಆಟೊ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ