ಮನಸ್ಸು ಹೇಗಿದೆ ಎಂದು ಕೇಳಿದವರಿಗೆ

ಕಳೆದ ವಾರ ಮಂಗಳೂರಿನ ಮನೋವೈದ್ಯರು ನನ್ನ ಖಿನ್ನತೆಯ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ಕೆಲವು ತಿಂಗಳಿಂದ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದಿದ್ದರು. ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿಗೆ ದಿನಕ್ಕೊಂದು ನುಂಗುವ ಟೆನೊಫೊವಿರ್ ಮಾತ್ರ ಮುಂದುವರಿಯುತ್ತದೆ, ಬಹುಶಃ ಜೀವಮಾನವಿಡೀ. ರಕ್ತದಲ್ಲಿರುವ ವೈರಸ್ಸು ಪರೀಕ್ಷೆಗೆ ಸಿಕ್ಕದಷ್ಟು ಕೆಳಗಿಳಿದು ಬಹಳ ಕಾಲವಾಯಿತು. ಆ ರಿಪೋರ್ಟು ಬಂದಾಗ ಯಾರಿಗೂ ಹೇಳಬೇಕೆನಿಸಿರಲಿಲ್ಲ. ಈಗ ಹೇಳಬೇಕೆನಿಸಿದೆ. ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ನನ್ನ ಪರಿಚಯದವರು ಹಲವರು ಇದನ್ನು ಓದಿ ಮೊದಲ ಬಾರಿಗೆ ವಿಷಯ ತಿಳಿಯುತ್ತಿದ್ದೀರಿ. ನೇರವಾಗಿ ನನ್ನಿಂದಲೇ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

ನನಗೆ ಕಾಯಿಲೆ ಗೊತ್ತಾದದ್ದು ಗಲ್ಫಿಗೆ ಹೊರಟಾಗ. ನಮ್ಮ ಜಿಲ್ಲೆಯಲ್ಲಿ ಇದು ಹೊಸ ಕಥೆಯಲ್ಲ. ವೀಸಾಕ್ಕೆ ಮೊದಲು ಮಾಡುವ ವೈದ್ಯಕೀಯ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಕಂಡರೆ ಅನರ್ಹ ಎಂದು ಬರೆದು ಕಳುಹಿಸುತ್ತಾರೆ. ಕೆಲಸ ಹೋಗುತ್ತದೆ, ಏಜೆಂಟರಿಗೆ ಕೊಟ್ಟ ದುಡ್ಡು ಹೋಗುತ್ತದೆ, ಊರಿಗೆ ಹೇಳಲು ಒಂದು ಕಾರಣ ಹುಡುಕಬೇಕಾಗುತ್ತದೆ. ಲಿವರ್ ಕಾಯಿಲೆ ಎಂದರೆ ಜನರ ಬಾಯಲ್ಲಿ ಬರುವುದು ಎರಡೇ: ಒಂದೋ ಕುಡುಕ, ಇಲ್ಲವೋ ನಡತೆ ಸರಿಯಿಲ್ಲದವ. ನಾನು ಕುಡಿದವನಲ್ಲ. ಕುಡಿದಿದ್ದರೂ ಈ ವೈರಸ್ಸಿಗೆ ಅದು ಕಾರಣವಾಗುತ್ತಿರಲಿಲ್ಲ. ದೊಡ್ಡವರಾದ ಮೇಲೆ ಇದು ತಗಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಯ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗ ತಗಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಹಾಗಾಗಿ ನನ್ನಂಥವರಲ್ಲಿ ಹೆಚ್ಚಿನವರಿಗೆ ಇದು ಬಂದದ್ದು ಹುಟ್ಟುವಾಗ, ಇಲ್ಲವೇ ಎಳವೆಯಲ್ಲೇ.

ಇದನ್ನು ವೈದ್ಯರು ವಿವರಿಸಿದಾಗ ನನಗೆ ಸಮಾಧಾನವಾಯಿತು, ಅಮ್ಮನಿಗೆ ಆಗಲಿಲ್ಲ. ಮನೆಯವರೆಲ್ಲ ಪರೀಕ್ಷೆ ಮಾಡಿಸಿದಾಗ ಅಮ್ಮನ ರಕ್ತದಲ್ಲೂ ವೈರಸ್ಸು ಸಿಕ್ಕಿತು. "ನನ್ನಿಂದಲೇ ಬಂತಲ್ಲ ಮಗನೇ" ಎಂದು ಅವರು ಊಟ ಬಿಟ್ಟರು. ಆಗ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ಹೊರಗೆ ಅಷ್ಟು ರೋಗಿಗಳು ಕಾಯುತ್ತಿದ್ದರೂ ನಿಧಾನವಾಗಿ ಮಾತಾಡಿದ ಮಂಗಳೂರಿನ ಲಿವರ್ ತಜ್ಞರಿಗೆ ನನ್ನ ಮೊದಲ ನಮಸ್ಕಾರ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಚುಚ್ಚುವ ಲಸಿಕೆ ಇಂದು ಸರ್ಕಾರಿ ಆಸ್ಪತ್ರೆಯಲ್ಲೂ ಇದೆ. ಹೆಪಟೈಟಿಸ್ ಬಿ ಲಸಿಕೆ ಇಡೀ ದೇಶದ ಮಕ್ಕಳಿಗೆ ಸಿಗತೊಡಗಿದ್ದು 2011ರ ಹೊತ್ತಿಗೆ, ನಿಮ್ಮ ಹೆರಿಗೆಯ ಕಾಲದಲ್ಲಿ ಈ ಪರೀಕ್ಷೆಯನ್ನೇ ಯಾರೂ ಮಾಡುತ್ತಿರಲಿಲ್ಲ ಎಂದು ಅವರು ಹೇಳಿದರು. ಅಮ್ಮ ಅಂದು ಸಂಜೆ ಗಂಜಿ ಉಂಡರು.

ಆಮೇಲಿನ ವರ್ಷಗಳ ಬಗ್ಗೆ ಹೇಳುವುದು ಕಷ್ಟ. ರಿಪೋರ್ಟುಗಳು ಒಳ್ಳೆಯದಾಗುತ್ತಲೇ ಹೋದವು. ನನಗೆ ಮಾತ್ರ ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ. ಅಡಕೆ ತೋಟಕ್ಕೆ ಹೋದರೆ ಅರ್ಧಕ್ಕೇ ಕೂರುತ್ತಿದ್ದೆ. ಸುಸ್ತು ಎಂದರೆ "ರಿಪೋರ್ಟು ನಾರ್ಮಲ್ ಇದೆಯಲ್ಲ, ಎಂತದು ನಿಂಗೆ?" ಎನ್ನುವರು. ದೀರ್ಘಕಾಲದ ಲಿವರ್ ಕಾಯಿಲೆಯಲ್ಲಿ ಸುಸ್ತಿಗೂ ರಕ್ತಪರೀಕ್ಷೆಯ ಅಂಕಿಗಳಿಗೂ ತಾಳೆ ಇರಬೇಕೆಂದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಮನೆಯಲ್ಲಿ ಯಾರೂ ಹೇಳದಿದ್ದರೂ ನಾನು ಬೇರೆ ಬಟ್ಟಲು, ಬೇರೆ ಲೋಟ ಇಟ್ಟುಕೊಂಡೆ. ಜೊತೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ, ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಇದೆಲ್ಲ ತಲೆಗೆ ಗೊತ್ತಿತ್ತು. ಆದರೂ ಅನುಪ್ಪತ್ಯಗಳಿಗೆ, ಅಂದರೆ ಮದುವೆ ಪೂಜೆಯಂಥ ಸಮಾರಂಭಗಳಿಗೆ, ಹೋಗುವುದು ಬಿಟ್ಟೆ. ಅಲ್ಲಿ ಬಡಿಸುವ, ಓಡಾಡುವ ಸುದರಿಕೆಗೆ ಕರೆದರೆ ಬೆನ್ನುನೋವು ಎಂದೆ. ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕಾಯಿಲೆಯ ಹೆಸರು ಕೇಳಿದ ಕೂಡಲೇ "ಇಲ್ಲಿ ಆಗುವುದಿಲ್ಲ" ಎಂದು ಕಳುಹಿಸಿದ ಮೇಲಂತೂ ಮನೆಯಿಂದ ಹೊರಡುವುದೇ ಬೇಡವೆನಿಸಿತು.

2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಚಿಕಿತ್ಸೆಗೆಲ್ಲ ಮಂಗಳೂರನ್ನೇ ನಂಬಿದ ನಮ್ಮವರಿಗೆ ಆ ದಿನಗಳು ಹೇಗಿದ್ದವೆಂದು ಮತ್ತೆ ಹೇಳಬೇಕಾಗಿಲ್ಲ. ಟೆನೊಫೊವಿರನ್ನು ಏಕಾಏಕಿ ನಿಲ್ಲಿಸಿದರೆ ವೈರಸ್ಸು ಮತ್ತೆ ಕೆರಳಿ ಲಿವರ್ ಊದಿಕೊಳ್ಳಬಹುದು. ಮಾತ್ರೆ ಮುಗಿಯುವ ಮುಂಚೆ, ಎಲ್ಲೆಲ್ಲಿಗೋ ಫೋನ್ ಮಾಡಿ ತರಿಸಿ, ಹೆಸರು ಕಾಣದಂತೆ ಕಾಗದದಲ್ಲಿ ಸುತ್ತಿ ಮನೆಬಾಗಿಲಿಗೆ ಮುಟ್ಟಿಸಿದ ಔಷಧದಂಗಡಿಯ ಅಣ್ಣನಿಗೆ ನಾನು ಋಣಿ. ಆ ಕಾಗದ ಸುತ್ತಿದ್ದಕ್ಕೂ ಋಣಿ.

ಇನ್ನು ಆ ನರ್ಸಮ್ಮ. ಮುಂದೆ ನಾನು ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ತೆಗೆದುಕೊಳ್ಳತೊಡಗಿದ್ದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಅಲ್ಲಿ ಪುಸ್ತಕದಲ್ಲಿ ನನ್ನ ಹೆಸರು ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು, ಮಲಯಾಳ ಬೆರೆತ ಕನ್ನಡದಲ್ಲಿ, "ಲಿವರ್ ಚೆನ್ನಾಗಿದೆ. ನಿಮ್ಮ ಮನಸ್ಸು ಹೇಗೆ ಉಂಟು?" ಎಂದು ಕೇಳಿದರು. ಅಲ್ಲಿಯವರೆಗೆ ಎಷ್ಟೋ ಕಡೆ ಎಷ್ಟೋ ಸಲ ರಕ್ತ ಕೊಟ್ಟಿದ್ದೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನನಗೆ ಉತ್ತರ ಕೊಡಲಾಗಲಿಲ್ಲ, ಅಳು ಬಂತು. ಅವರು ಸಾಲಿನಲ್ಲಿದ್ದವರನ್ನು ಪಕ್ಕದ ಮೇಜಿಗೆ ಕಳುಹಿಸಿ, ನನ್ನ ಜೊತೆ ಕೂತರು. ಆ ಮಧ್ಯಾಹ್ನ ಅವರು ಊಟ ಮಾಡಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಅವರು ತೋರಿಸಿದ ದಾರಿಯಲ್ಲೇ ಮನೋವೈದ್ಯರ ಬಳಿ ಹೋದೆ. ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು: ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಇತ್ತೇ, ಬದುಕೇ ಬೇಡವೆನಿಸಿತ್ತೇ. ಕೊನೆಯ ಪ್ರಶ್ನೆಗೆ ನಿಜವನ್ನೇ ಬರೆದೆ. ಅವರು ಗಾಬರಿಯಾಗಲಿಲ್ಲ, ಬುದ್ಧಿ ಹೇಳಲಿಲ್ಲ. ಲಿವರ್ ಕಾಯಿಲೆ ಇರುವವರಿಗೆ ಖಿನ್ನತೆಯ ಎಲ್ಲ ಔಷಧಗಳೂ ಆಗುವುದಿಲ್ಲ, ಡ್ಯುಲೋಕ್ಸೆಟಿನ್‌ನಂಥದ್ದನ್ನು ಕೊಡುವುದಿಲ್ಲ. ಹಾಗಾಗಿ ನನ್ನೆದುರೇ ಲಿವರ್ ತಜ್ಞರಿಗೆ ಫೋನ್ ಮಾಡಿ, ಇಬ್ಬರೂ ಸೇರಿ ಮಾತ್ರೆ ನಿಶ್ಚಯಿಸಿದರು. ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ನೇ ಮುಖ್ಯ ಚಿಕಿತ್ಸೆಯಾಗಿದ್ದಾಗ ಅದರ ಅಡ್ಡಪರಿಣಾಮವಾಗಿ ಖಿನ್ನತೆ ಬರುತ್ತಿತ್ತು, ಅದಕ್ಕಾಗಿ ರೋಗಿಯ ಮನಸ್ಸನ್ನು ವಿಚಾರಿಸುತ್ತಿದ್ದರಂತೆ. ಈಗ ಆ ತೊಂದರೆಯಿಲ್ಲದ ಮಾತ್ರೆ ಬಂದಿದೆ. ಔಷಧ ಸುಲಭವಾಯಿತೆಂದು ಆ ವಿಚಾರಣೆ ತಪ್ಪಿಹೋಗಬಾರದಿತ್ತು ಎಂದು ನನ್ನ ಅಭಿಪ್ರಾಯ. ಮನಸ್ಸು ಕುಗ್ಗುವುದು ಔಷಧದಿಂದ ಮಾತ್ರವಲ್ಲ, ಕಾಯಿಲೆಯನ್ನು ಬಚ್ಚಿಟ್ಟುಕೊಂಡು ಬದುಕುವುದರಿಂದಲೂ.

ಆಪ್ತಸಮಾಲೋಚನೆ ಮೊದಲು ಮಲಯಾಳದಲ್ಲಿ ನಡೆಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಂಚಾಯತಿನಲ್ಲಿ ನಾನು ಮಲಯಾಳ ಮಾತಾಡುವವನೇ. ಆದರೆ ಅಮ್ಮನ ಬಗ್ಗೆ ಹೇಳಹೊರಟರೆ ಮಾತೇ ಹೊರಡುತ್ತಿರಲಿಲ್ಲ. ಅದನ್ನು ನಾನು ಹೇಳುವ ಮೊದಲೇ ಗಮನಿಸಿ, ಒಂದಿಷ್ಟೂ ಬೇಸರಿಸದೆ, ಕನ್ನಡವೂ ತುಳುವೂ ಬರುವ ಇನ್ನೊಬ್ಬರನ್ನು ಗೊತ್ತುಮಾಡಿಕೊಟ್ಟ ಆ ಸಮಾಲೋಚಕಿಗೆ ಹೃದಯ ತುಂಬಿದ ಧನ್ಯವಾದ. ರಾತ್ರಿ ತಡೆಯಲಾಗದಾಗ 14416ಕ್ಕೂ ಕರೆ ಮಾಡಿದ್ದೇನೆ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡವನ್ನು ಆರಿಸಿಕೊಳ್ಳಬಹುದು.

ನೆರೆಮನೆಯ ಮಾವ, ನಿಮಗೆ ಎಲ್ಲವೂ ಗೊತ್ತಿತ್ತು ಎಂದು ನನಗೆ ಈಚೆಗಷ್ಟೇ ತಿಳಿಯಿತು. ನಿಮ್ಮ ಮಗಳ ಮದುವೆಯಲ್ಲಿ "ಮಂಡೆಬೆಚ್ಚ (ಚಿಂತೆ) ಸಾಕು, ಪಾಯಸ ಬಡಿಸು ಬಾ" ಎಂದು ನನ್ನ ಕೈಗೆ ಬಾಲ್ದಿ ಕೊಟ್ಟಿರಿ. ಅಷ್ಟು ಪಂಕ್ತಿಗಳ ನಡುವೆ ನಡೆದಾಗ ನನ್ನ ಕಾಲು ನಡುಗುತ್ತಿತ್ತು. ನೀವು ಮೊದಲ ಪಂಕ್ತಿಯಲ್ಲೇ ಕೂತು ಎರಡು ಸಲ ಹಾಕಿಸಿಕೊಂಡಿರಿ.

ನನ್ನ ಹೆಂಡತಿಗೆ ಮದುವೆಗೆ ಮೊದಲೇ ಹೇಳಿದ್ದೆ. ಅವಳು ಕೇಳಿದ್ದು ಲಸಿಕೆ ಎಲ್ಲಿ ಸಿಗುತ್ತದೆ ಎಂದು. ಆರು ತಿಂಗಳಲ್ಲಿ ಮೂರು ಡೋಸ್ ಮುಗಿಸಿ, ರಕ್ಷಣೆ ಬಂದಿದೆಯೇ ಎಂದು ಪರೀಕ್ಷೆಯನ್ನೂ ಮಾಡಿಸಿಕೊಂಡಳು. ಬೇರೆ ಇಟ್ಟಿದ್ದ ನನ್ನ ಬಟ್ಟಲು ಲೋಟವನ್ನು ಅವಳೇ ಎಲ್ಲರದ್ದರ ಜೊತೆ ಸೇರಿಸಿಟ್ಟಳು.

ಆರು ತಿಂಗಳಿಗೊಮ್ಮೆಯ ಸ್ಕ್ಯಾನ್ ತಪ್ಪಿಸುವಂತಿಲ್ಲ. ಮಾತ್ರೆ ತರಲು ತಿಂಗಳು ತಿಂಗಳೂ ಆಸ್ಪತ್ರೆಗೆ ಹೋಗುತ್ತೇನೆ. ಬದಿಯಡ್ಕದ ಸುತ್ತಮುತ್ತ ಯಾರಿಗಾದರೂ ವೀಸಾ ಪರೀಕ್ಷೆಯಲ್ಲೋ, ರಕ್ತದಾನದಲ್ಲೋ, ಬಸುರಿನ ಪರೀಕ್ಷೆಯಲ್ಲೋ ಇದು ಗೊತ್ತಾಗಿದ್ದು ಒಬ್ಬರೇ ಹೋಗಲು ಹಿಂಜರಿಕೆಯಿದ್ದರೆ, ನನ್ನ ಗುರುತಿರುವವರ ಮೂಲಕ ಹೇಳಿಕಳುಹಿಸಿ. ಜೊತೆಗೆ ಬರುತ್ತೇನೆ.