ಗೋಧಿಚೀಲದ ಮೇಲಿನ ಎರಡು ಕೈಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಭಾನುವಾರ ನಾನು ಮಾತಿನ ಮಧ್ಯದಲ್ಲೇ ಫೋನ್ ಇಟ್ಟುಬಿಟ್ಟೆ. ಆಗ ಆಡಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಅಮೆರಿಕದ ಅಧ್ಯಕ್ಷರಲ್ಲಿ ಮೆಚ್ಚಿನವರೊಬ್ಬರ ಬಗ್ಗೆ ಒಂದು ಪುಟ ಬರೆದು ತರಲು ಪಾಪುವಿಗೆ ಶಾಲೆಯಲ್ಲಿ ಹೇಳಿದ್ದಾರೆ, ಲಿಂಡನ್ ಜಾನ್ಸನ್ ಬಗ್ಗೆ ಬರೆಸುತ್ತಿದ್ದೇನೆ ಎಂದು ನೀನು ಸಂತೋಷದಿಂದ ಹೇಳಿದಾಗ, 32 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ನಾನು ಹಾಗೆ ಸಿಡುಕಬಾರದಿತ್ತು. ತಪ್ಪು ನನ್ನದು. ಮುಂದಿನ ತಿಂಗಳು ನೀನು ಆ ದೇಶದ ಪೌರತ್ವದ ಪ್ರಮಾಣವಚನ ತೆಗೆದುಕೊಳ್ಳುವವಳು. ಅದಕ್ಕೆ ಮುಂಚೆ ಈ ಪತ್ರ ನಿನ್ನ ಕೈಸೇರಲಿ ಎಂದು ಬರೆಯುತ್ತಿದ್ದೇನೆ.

ಜಾನ್ಸನ್‌ನನ್ನು ಆರಿಸಿಕೊಳ್ಳಲು ನೀನು ಕೊಟ್ಟ ಕಾರಣ ಸರಿಯಾದದ್ದೇ. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ ವ್ಯಕ್ತಿಗೆ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ, ಆದ್ದರಿಂದ ಈ ದೇಶದ ಪೌರನಾಗಲಾರೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತ್ತು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಕಾಯ್ದೆಯಿಂದ ಬಾಗಿಲು ತೆರೆಯಿತಾದರೂ ವಲಸೆಗೆ ಅವಕಾಶವಿದ್ದದ್ದು ವರ್ಷಕ್ಕೆ ನೂರು ಭಾರತೀಯರಿಗೆ ಮಾತ್ರ. 1965ರ ಅಕ್ಟೋಬರ್ 3ರಂದು ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಅಡಿಯಲ್ಲಿ ಕುಳಿತು ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದ ಮೇಲೆ ಆ ಹಳೆಯ ಕೋಟಾ ಹೋಯಿತು. ಆ ಸಹಿ ಬೀಳದಿದ್ದರೆ ನಿನಗೆ ಅಲ್ಲಿ ಮನೆಯಿಲ್ಲ, ಪಾಪುವಿಗೆ ಆ ಶಾಲೆಯಿಲ್ಲ. ಇದನ್ನು ನಾನು ಒಪ್ಪುತ್ತೇನೆ.

ಆದರೆ ಅದೇ 1965ರಲ್ಲಿ ನಮ್ಮಲ್ಲಿ ಮುಂಗಾರು ಕೈಕೊಟ್ಟಿತು, ಮರುವರ್ಷವೂ ಮಳೆ ಸರಿಯಾಗಿ ಆಗಲಿಲ್ಲ. 1966ರಲ್ಲಿ ದೇಶಕ್ಕೆ ಹೊರಗಿನಿಂದ ಬಂದ ಧಾನ್ಯ ಸುಮಾರು ಒಂದು ಕೋಟಿ ಟನ್, ಅದರಲ್ಲಿ ಬಹುಪಾಲು ಅಮೆರಿಕದ ಗೋಧಿ. ಚಳ್ಳಕೆರೆ ಸೀಮೆಯ ನಮ್ಮೂರಲ್ಲಿ ರಾಗಿಯ ಹಗೇವುಗಳು ಬರಿದಾಗಿದ್ದವು. ನಾನು ಆಗ ಮೂರನೇ ತರಗತಿ. ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಅದಕ್ಕೆ ಹಾಕುತ್ತಿದ್ದ ಡಬ್ಬದ ಎಣ್ಣೆಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ನಾನು ಅರ್ಧ ತಿಂದು, ಉಳಿದರ್ಧವನ್ನು ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು, ಮನೆಯಲ್ಲಿ ಬಾಗಿಲ ಹತ್ತಿರ ಕಾದು ಕೂತಿರುತ್ತಿದ್ದ ನಿನ್ನ ಸೋದರಮಾವನಿಗೆ ಒಯ್ಯುತ್ತಿದ್ದೆ. ನುಚ್ಚು ಬರುತ್ತಿದ್ದ ಬಟ್ಟೆಯ ಚೀಲವನ್ನು ಅಜ್ಜಿ ಬಿಚ್ಚಿ, ಕೈಹೊಲಿಗೆ ಹಾಕಿ, ನನಗೆ ಪಾಟಿಚೀಲ ಮಾಡಿಕೊಟ್ಟಿದ್ದಳು. ಅದರ ಮೇಲೊಂದು ಗುರಾಣಿಯ ಚಿತ್ರ: ಮೇಲೆ ನಕ್ಷತ್ರ, ಕೆಳಗೆ ಪಟ್ಟಿ, ನಡುವೆ ಒಂದನ್ನೊಂದು ಹಿಡಿದ ಎರಡು ಕೈಗಳು. ಎಷ್ಟು ಒಗೆದರೂ ಆ ಕೈಗಳು ಅಳಿಸಲಿಲ್ಲ.

ಒಂದು ವಾರ ನುಚ್ಚಿನ ಚೀಲ ಬರಲಿಲ್ಲ. ಮಧ್ಯಾಹ್ನಕ್ಕೆ ಮುಂಚೆಯೇ ಮೇಷ್ಟ್ರು ನಮ್ಮನ್ನು ಮನೆಗೆ ಕಳಿಸಿಬಿಡುತ್ತಿದ್ದರು. ಮೂರನೆಯ ದಿನ ನಿನ್ನ ಮಾವ ನನ್ನ ಬರಿಗೈ ನೋಡಿದವನು ಅಳಲಿಲ್ಲ. ಎದ್ದು ಬಂದು ನನ್ನ ಪಾಟಿಚೀಲದೊಳಗೆ ಕೈ ಹಾಕಿ, ಮೂಲೆ ಮೂಲೆಯನ್ನೂ ತಡಕಿ ನೋಡಿದ. ನೀನು ಫೋನಿನಲ್ಲಿ ಜಾನ್ಸನ್ ಹೆಸರು ಹೇಳಿದಾಗ ನನಗೆ ಕಂಡದ್ದು ಆ ನಾಲ್ಕು ವರ್ಷದ ಕೈ. ಅದನ್ನು ದಾಟಿ ಮುಂದೆ ಯೋಚಿಸಲು ಆಗಲಿಲ್ಲ.

ಬಿ.ಎ. ಓದುವಾಗ ತಿಳಿದ ವಿಷಯ ಇದು: ಆ ಬರಗಾಲದಲ್ಲಿ ಜಾನ್ಸನ್ ವರ್ಷದ ಗೋಧಿಗೆ ಒಮ್ಮೆಲೇ ಒಪ್ಪಿಗೆ ಕೊಡದೆ, ಸ್ವಲ್ಪಸ್ವಲ್ಪವಾಗಿ, ಪ್ರತಿ ಸಲವೂ ತಾನೇ ನೋಡಿ ಬಿಡುಗಡೆ ಮಾಡುತ್ತಿದ್ದ. ಭಾರತ ತನ್ನ ಕೃಷಿ ನೀತಿ ಬದಲಿಸಲಿ ಎಂಬ ಒತ್ತಡ ಅದರಲ್ಲಿತ್ತು. ವಿಯೆಟ್ನಾಂ ಯುದ್ಧವನ್ನು ನಾವು ಟೀಕಿಸಿದ ಸಿಟ್ಟೂ ಇತ್ತು. ಆ ಬಿಗಿಯಿಂದಲೇ ನಮ್ಮಲ್ಲಿ ಹಸಿರು ಕ್ರಾಂತಿ ಆಯಿತೆನ್ನುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ಹೊಸ ಗೋಧಿ ತಳಿಗಳ ದಾರಿಯನ್ನು ನಮ್ಮ ಮಂತ್ರಿ ಸಿ. ಸುಬ್ರಹ್ಮಣ್ಯಂ ತಾವಾಗಿಯೇ ಹಿಡಿದಿದ್ದರು. ಇದನ್ನು ಓದಿದ ದಿನವೇ ನಾನು ಚೀಲ ಬಾರದ ಆ ವಾರವನ್ನು ಜಾನ್ಸನ್ನನ ಲೆಕ್ಕಕ್ಕೆ ಬರೆದುಬಿಟ್ಟೆ. ಲಾರಿ ಕೆಟ್ಟು ನಿಂತಿತ್ತೋ, ನಡುವೆ ಯಾರಾದರೂ ಚೀಲ ಮಾರಿಕೊಂಡರೋ, ಯಾರಿಗೆ ಗೊತ್ತು? ನನ್ನ ಹತ್ತಿರ ಆಧಾರವಿಲ್ಲ. ಆಧಾರವಿಲ್ಲದೆ ಹೀಗೆ ಬರೆದ ಮಕ್ಕಳಿಗೆ ನಾನು ಅಂಕ ಕೊಟ್ಟವಳಲ್ಲ, ಮಗಳೇ. ಐವತ್ತು ವರ್ಷ ಆ ತಪ್ಪನ್ನು ನಾನೇ ಇಟ್ಟುಕೊಂಡಿದ್ದೆ.

ಈ ವಾರವೆಲ್ಲ ಕೂತು ಮತ್ತೆ ಓದಿದೆ. 1928ರಲ್ಲಿ, ಇಪ್ಪತ್ತರ ವಯಸ್ಸಿನ ಜಾನ್ಸನ್ ಟೆಕ್ಸಾಸಿನ ಕೊಟುಲಾ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಮೇಷ್ಟ್ರಾಗಿದ್ದ. 1965ರ ಮಾರ್ಚ್ 15ರಂದು, ಕಪ್ಪು ಜನರ ಮತದಾನದ ಹಕ್ಕಿಗಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಮಾತನಾಡುವಾಗ, ಬೆಳಗಿನ ತಿಂಡಿಯಿಲ್ಲದೆ ಹಸಿದು ತರಗತಿಗೆ ಬರುತ್ತಿದ್ದ ಆ ಮಕ್ಕಳನ್ನು ನೆನೆದ. 37 ವರ್ಷ ಆ ಮುಖಗಳನ್ನು ಮರೆಯದವನು, ಅದೇ ವರ್ಷ, ನಮ್ಮ ಪಾಲಿನ ಗೋಧಿಯನ್ನು ಹೇಗೆ ಬಿಗಿ ಹಿಡಿದ? ಎಷ್ಟು ಯೋಚಿಸಿದರೂ ಇದು ನನಗೆ ಬಗೆಹರಿಯಲಿಲ್ಲ. ವಿಯೆಟ್ನಾಮಿನ ವಿಷಯ ಬರೆಯಲು ಹೋದರೆ ಈ ಕಾಗದ ಸಾಲದು.

ಬುದ್ಧಿವಾದ ಹೇಳಬಾರದೆಂದೇ ಕೂತೆ, ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಒಳ್ಳೆಯದನ್ನು ಕೂಡಿ, ಕೆಟ್ಟದ್ದನ್ನು ಕಳೆದು, ಇಷ್ಟು ಉಳಿಯಿತು ಎಂದು ಪಾಪುವಿಗೆ ಕಲಿಸಬೇಡ. ಇನ್ನೊಬ್ಬ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರಲ್ಲಿ ಮುದುಕರಿಗೆ ಪಿಂಚಣಿಯ ಆಸರೆ ಕೊಟ್ಟ. 1942ರಲ್ಲಿ ಅವನದೇ ಆದೇಶದಿಂದ ಸುಮಾರು 1,20,000 ಜಪಾನಿ ಮೂಲದವರು ಮನೆಮಠ ಬಿಟ್ಟು ಬಂಧನ ಶಿಬಿರ ಸೇರಬೇಕಾಯಿತು. ಶಿಬಿರದಲ್ಲಿ ಬೆಳೆದ ಒಬ್ಬ ಅಜ್ಜಿಗೆ ಪಿಂಚಣಿ ತೋರಿಸಿ, ಸರಿಹೋಯಿತು ಎನ್ನಲಾಗುತ್ತದೆಯೇ? ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಎರಡನ್ನೂ ಒಂದೇ ಪುಟದಲ್ಲಿ ಬರೆಯಲಿ, ಒಂದರಿಂದ ಇನ್ನೊಂದನ್ನು ಒರೆಸದಿರಲಿ. ನಾಳೆ ಮತ ಹಾಕುವವಳು ನೀನು. ನಿನಗೂ ಇದೇ ಮಾತು. ನಿನ್ನ ಮನೆಗೆ ಆದ ಉಪಕಾರವೊಂದನ್ನೇ ನೋಡಿ ಮತ ಹಾಕಬೇಡ.

ನೀನು ಪ್ರಮಾಣವಚನ ತೆಗೆದುಕೊಂಡರೆ ಇಲ್ಲಿನ ಪೌರತ್ವ ಹೋಗುತ್ತದೆ ಎಂಬುದೂ ಭಾನುವಾರದ ಸಿಟ್ಟಿನಲ್ಲಿ ಸೇರಿಕೊಂಡಿತ್ತು. ಅದನ್ನು ಮುಚ್ಚಿಡುವುದಿಲ್ಲ. ಥಿಂಡ್‌ಗೆ ಇಲ್ಲವೆಂದದ್ದನ್ನು ನನ್ನ ಮಗಳು ಹಕ್ಕಿನಿಂದ ಪಡೆಯುತ್ತಾಳೆ ಎಂದು ನೆನೆದರೆ ಎದೆ ತುಂಬಿ ಬರುತ್ತದೆ, ಮರುಗಳಿಗೆಯೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರದ್ದಾಗಿ ವಾಪಸ್ ಬರುವ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡ.

ಪಾಪು ಜಾನ್ಸನ್ ಬಗ್ಗೆಯೇ ಬರೆಯಲಿ. ಪುಟದಲ್ಲಿ ಜಾಗವಿದ್ದರೆ ಕೊಟುಲಾದ ಶಾಲೆಯ ಕೆಳಗೆ ಅವಳ ಅಜ್ಜಿಯ ಶಾಲೆಯ ಬಗ್ಗೆಯೂ ನಾಲ್ಕು ಸಾಲು ಬರೆಸು. ಆ ಪಾಟಿಚೀಲ ಹರಿದುಹೋಗಿ ಎಷ್ಟೋ ಕಾಲವಾಯಿತು, ಆದರೆ ಅದರ ಮೇಲಿನ ಚಿತ್ರ ನನಗೆ ಕಣ್ಣಿಗೆ ಕಟ್ಟಿದಂತಿದೆ. ನೆನಪಿನಿಂದ ಬಿಡಿಸಿ ಇದರ ಜೊತೆಗೇ ಇಟ್ಟಿದ್ದೇನೆ. ನಕ್ಷತ್ರಗಳ ಲೆಕ್ಕ ತಪ್ಪಿರಬಹುದು, ಕೈಗಳು ಮಾತ್ರ ಹಾಗೆಯೇ ಇದ್ದವು.

ಇಂತಿ ನಿನ್ನ
ಅಮ್ಮ